ಮಂಡಿ ಕೀಲು ಬದಲಾವಣೆಯ ನಂತರ ವ್ಯಾಯಾಮದ ಪ್ರಮಾಣವನ್ನು ನಿರ್ಧರಿಸುವ ಬಗೆ

ಮಂಡಿ ಕೀಲು ಬದಲಾಯಿಸುವ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ ಒಂದೆರಡು ಗಂಟೆಗಳಲ್ಲಿ ಮುಗಿಯುತ್ತದೆ. ಆ ಹೊಸ ಕೀಲಿನ ಮೇಲೆ ಎಷ್ಟು ಚೆನ್ನಾಗಿ ನಡೆಯಬಹುದು ಎಂಬುದನ್ನು ಮಾತ್ರ ಮುಂದಿನ ಮೂರು ತಿಂಗಳು ಮನೆಯಲ್ಲಿ ನಡೆಯುವ ಆರೈಕೆ ಮತ್ತು ವ್ಯಾಯಾಮ ಬಹುಮಟ್ಟಿಗೆ ನಿರ್ಧರಿಸುತ್ತವೆ. ಆಸ್ಪತ್ರೆಯಿಂದ ಹೊರಡುವಾಗ ವ್ಯಾಯಾಮದ ಚಿತ್ರಗಳಿರುವ ಹಾಳೆಯೊಂದನ್ನು ಕೊಟ್ಟು, ಯಾವುದನ್ನು ದಿನಕ್ಕೆ ಎಷ್ಟು ಸಲ ಮಾಡಬೇಕೆಂದು ಹೇಳಿ ಕಳಿಸುತ್ತಾರೆ. ಮನೆಗೆ ಬಂದ ಮೇಲೆ ಕೆಲವರು ನೋವಿಗೆ ಹೆದರಿ ಹಾಸಿಗೆ ಬಿಟ್ಟು ಏಳುವುದಿಲ್ಲ. ಇನ್ನು ಕೆಲವರು, ಪರಿಚಯದವರೊಬ್ಬರು ಹತ್ತೇ ದಿನಕ್ಕೆ ಮೆಟ್ಟಿಲು ಹತ್ತಿದರಂತೆ ಎಂಬ ಮಾತು ಕೇಳಿ, ಕಾಲು ಊದಿಕೊಳ್ಳುವಷ್ಟು ನಡೆಯುತ್ತಾರೆ. ಇಬ್ಬರಿಗೂ ತಿಳಿಯದಿರುವುದು ಒಂದೇ: ಇಂದು ಮಾಡಿದ ವ್ಯಾಯಾಮ ದೇಹಕ್ಕೆ ಹೆಚ್ಚಾಯಿತೇ ಕಡಿಮೆಯಾಯಿತೇ ಎಂದು ಅಳೆಯುವ ಬಗೆ. ಅದನ್ನು ವಿವರಿಸುವುದೇ ಈ ಲೇಖನದ ಉದ್ದೇಶ. ಕಾಲಿನ ಮೇಲೆ ಪೂರ್ತಿ ಭಾರ ಹಾಕಬಾರದೆಂದೋ ಇಂತಿಷ್ಟಕ್ಕಿಂತ ಹೆಚ್ಚು ಮಡಚಬಾರದೆಂದೋ ನಿಮ್ಮ ಶಸ್ತ್ರಚಿಕಿತ್ಸಕರು ಪ್ರತ್ಯೇಕವಾಗಿ ಹೇಳಿದ್ದರೆ, ಇಲ್ಲಿರುವುದಕ್ಕಿಂತ ಅವರ ಮಾತೇ ಮುಖ್ಯ.

ಗಾಯಕ್ಕೂ ವ್ಯಾಯಾಮಕ್ಕೂ ದೇಹ ಸ್ಪಂದಿಸುವ ರೀತಿ

1930ರ ದಶಕದ ಆರಂಭದಲ್ಲಿ ಗ್ಲಾಸ್ಗೋದಲ್ಲಿ ಡೇವಿಡ್ ಕತ್ಬರ್ಟ್‌ಸನ್ ಎಂಬ ವಿಜ್ಞಾನಿ, ಕಾಲಿನ ಮೂಳೆ ಮುರಿದುಕೊಂಡು ಬಂದವರ ಮೂತ್ರದಲ್ಲಿ ಸಾರಜನಕ ಎಷ್ಟು ಹೋಗುತ್ತಿದೆ ಎಂದು ಅಳೆದರು. ಪ್ರೋಟೀನು ಕರಗಿದಾಗ ಹೊರಬರುವುದು ಸಾರಜನಕ. ಪೆಟ್ಟಾದ ಜಾಗದಲ್ಲಿ ನಾಶವಾದ ಅಂಗಾಂಶದಿಂದ ಬರಬಹುದಾದುದಕ್ಕಿಂತ ಬಹಳ ಹೆಚ್ಚು ಸಾರಜನಕ ಹೋಗುತ್ತಿರುವುದು ಅವರಿಗೆ ಕಂಡಿತು. ಅಂದರೆ ಮುರಿದದ್ದು ಒಂದೇ ಮೂಳೆಯಾದರೂ ಕರಗುತ್ತಿದ್ದದ್ದು ಇಡೀ ದೇಹದ ಸ್ನಾಯು. ಪೆಟ್ಟಿನ ನಂತರ ದೇಹದ ಕ್ರಿಯೆಗಳು ಮೊದಲು ತುಸು ಕುಗ್ಗಿ, ಒಂದೆರಡು ದಿನಗಳಲ್ಲಿ ಏರಿ, ಆ ಏರಿಕೆ ದಿನಗಟ್ಟಲೆ ಮುಂದುವರಿಯುತ್ತದೆ ಎಂದು 1942ರಲ್ಲಿ ಅವರು ವಿವರಿಸಿದರು. ಶಸ್ತ್ರಚಿಕಿತ್ಸೆಯೂ ದೇಹದ ಪಾಲಿಗೆ ಒಂದು ಪೆಟ್ಟೇ. ಅರಿವಳಿಕೆಯಿಂದ ಮನಸ್ಸಿಗೆ ಅದರ ಅರಿವಾಗದಿದ್ದರೂ ಕಾರ್ಟಿಸಾಲ್ ಮತ್ತು ಅಡ್ರಿನಲಿನ್ ಎಂಬ ಹಾರ್ಮೋನುಗಳು ಏರುತ್ತವೆ, ಇನ್ಸುಲಿನ್ನಿನ ಪ್ರಭಾವ ಕುಗ್ಗಿ ರಕ್ತದ ಸಕ್ಕರೆ ಹೆಚ್ಚುತ್ತದೆ, ಬರಗಾಲದಲ್ಲಿ ಕಣಜದ ಬಾಯಿ ತೆರೆದಂತೆ ದೇಹವು ಸ್ನಾಯುವಿನಲ್ಲಿರುವ ಪ್ರೋಟೀನನ್ನು ಒಡೆದು ಗಾಯದ ದುರಸ್ತಿಗೂ ರೋಗನಿರೋಧಕ ಕಣಗಳಿಗೂ ಒದಗಿಸುತ್ತದೆ. ಮಧುಮೇಹ ಇರುವವರಿಗೆ ಆಪರೇಷನ್ನಿನ ನಂತರ ಕೆಲವು ದಿನ ಇನ್ಸುಲಿನ್ ಹೆಚ್ಚು ಬೇಕಾಗುವುದು ಇದರಿಂದಲೇ. ಅದನ್ನು ಕಂಡು ಕಾಯಿಲೆ ಉಲ್ಬಣಿಸಿತೆಂದು ಗಾಬರಿಯಾಗಬೇಕಾಗಿಲ್ಲ.

ವ್ಯಾಯಾಮದಲ್ಲೂ ಆರಂಭ ಇದೇ ತರಹದ್ದು. ಅಭ್ಯಾಸವಿಲ್ಲದ ಸ್ನಾಯು ದುಡಿದಾಗ ಅದರ ಎಳೆಗಳಲ್ಲಿ ಸೂಕ್ಷ್ಮ ಬಿರುಕುಗಳಾಗುತ್ತವೆ, ಸಣ್ಣ ಪ್ರಮಾಣದ ಉರಿಯೂತ ಉಂಟಾಗುತ್ತದೆ, ಮರುದಿನದಿಂದ ಮೂರನೆಯ ದಿನದವರೆಗೆ ಮೈಕೈ ನೋವು ಇರುತ್ತದೆ. ಈ ನೋವಿಗೆ ಲ್ಯಾಕ್ಟಿಕ್ ಆಮ್ಲ ಕಾರಣವೆಂಬ ನಂಬಿಕೆ ಇನ್ನೂ ಉಳಿದಿದೆ. ಆದರೆ ಅದು ವ್ಯಾಯಾಮ ನಿಲ್ಲಿಸಿದ ಒಂದೆರಡು ಗಂಟೆಯೊಳಗೆ ರಕ್ತದಿಂದ ತೆರವಾಗಿರುತ್ತದೆ. ಶಸ್ತ್ರಚಿಕಿತ್ಸೆಯ ನಂತರ ರಕ್ತದಲ್ಲಿ ಏರುವ ಇಂಟರ್‌ಲ್ಯೂಕಿನ್-6 ಎಂಬ ಸಂದೇಶವಾಹಕ, ದುಡಿಯುವ ಸ್ನಾಯುವಿನಿಂದಲೂ ಹೊರಬರುತ್ತದೆ ಎಂಬುದನ್ನು ಡೆನ್ಮಾರ್ಕಿನ ಬೆಂಟೆ ಪೆಡರ್ಸನ್ ಮತ್ತು ಸಂಗಡಿಗರು ತೋರಿಸಿದ್ದಾರೆ. ಹೀಗೆ ಒಂದೇ ಬಗೆಯಲ್ಲಿ ಆರಂಭವಾದರೂ ಎರಡರ ಪರಿಣಾಮ ಬೇರೆಯಾಗುತ್ತದೆ. ವ್ಯಾಯಾಮದ ನಂತರ ಒಂದೆರಡು ದಿನ ಸ್ನಾಯುವಿನಲ್ಲಿ ಪ್ರೋಟೀನು ಕಟ್ಟುವ ಕೆಲಸ ಹೆಚ್ಚುತ್ತದೆ, ಇನ್ಸುಲಿನ್ ಇನ್ನಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ. ದೊಡ್ಡ ಪೆಟ್ಟು ಸ್ನಾಯುವನ್ನು ಕರಗಿಸುತ್ತದೆ, ಸಣ್ಣದು ಕಟ್ಟಿಸುತ್ತದೆ. ಆದ್ದರಿಂದ ಆಪರೇಷನ್ ಆದ ದೇಹಕ್ಕೆ ಕೊಡುವ ವ್ಯಾಯಾಮದಲ್ಲಿ ಪ್ರಮಾಣವೇ ಎಲ್ಲಕ್ಕಿಂತ ಮುಖ್ಯ.

ಹಾಗಾದರೆ ಮಲಗಿದ್ದರೆ ಸುರಕ್ಷಿತವಲ್ಲವೇ ಎಂದು ಕೇಳಬಹುದು. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಇಪ್ಪತ್ತರ ವಯಸ್ಸಿನ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯಲ್ಲೇ ಇರಿಸಲಾಯಿತು. ದೇಹ ಗರಿಷ್ಠ ಶ್ರಮದಲ್ಲಿ ಆಮ್ಲಜನಕವನ್ನು ಬಳಸುವ ಸಾಮರ್ಥ್ಯ ಅವರಲ್ಲಿ ನಾಲ್ಕನೆಯ ಒಂದು ಭಾಗಕ್ಕಿಂತ ಹೆಚ್ಚು ಕುಸಿಯಿತು. 30 ವರ್ಷಗಳ ನಂತರ ಅದೇ ಐವರನ್ನು ಮತ್ತೆ ಪರೀಕ್ಷಿಸಿದಾಗ, ಅಷ್ಟು ವರ್ಷಗಳ ವಯಸ್ಸಾಗುವಿಕೆ ತಂದ ಕುಸಿತಕ್ಕಿಂತ ಆ ಮೂರು ವಾರಗಳ ಹಾಸಿಗೆವಾಸ ತಂದ ಕುಸಿತವೇ ಹೆಚ್ಚಾಗಿತ್ತು. ಅರವತ್ತೈದು ದಾಟಿದವರಿಗೆ ಕಳೆದುಕೊಳ್ಳಲು ಅಷ್ಟು ಸ್ನಾಯುವೂ ಇರುವುದಿಲ್ಲ, ಕಳೆದದ್ದನ್ನು ಮತ್ತೆ ಕಟ್ಟಿಕೊಳ್ಳಲು ಹೆಚ್ಚು ಕಾಲವೂ ಬೇಕು. ಕೋಪನ್‌ಹೇಗನ್‌ನ ಶಸ್ತ್ರಚಿಕಿತ್ಸಕ ಹೆನ್ರಿಕ್ ಕೆಲೆಟ್ 1990ರ ದಶಕದಲ್ಲಿ ರೋಗಿಯನ್ನು ಬೇಗ ಎಬ್ಬಿಸಿ ನಡೆಸುವ, ಬೇಗ ಊಟ ಕೊಡುವ, ನೋವನ್ನು ಹಲವು ಬಗೆಯ ಔಷಧಗಳಿಂದ ತಗ್ಗಿಸುವ ಪದ್ಧತಿಯನ್ನು ರೂಪಿಸಿದರು. ಇಂದು ಬಹಳಷ್ಟು ಆಸ್ಪತ್ರೆಗಳಲ್ಲಿ ಆಪರೇಷನ್ ಆದ ದಿನ ಸಂಜೆಯೋ ಮರುದಿನ ಬೆಳಗ್ಗೆಯೋ ವಾಕರ್ ಹಿಡಿಸಿ ನಡೆಸುವುದರ ಹಿಂದೆ ಆ ಕೆಲಸವಿದೆ. ಮನೆಯವರಿಗೆ ಅದು ನಿರ್ದಯತೆಯಂತೆ ಕಂಡರೂ, ದಯವಿಟ್ಟು ತಡೆಯಬೇಡಿ.

ಆಪರೇಷನ್ನಿಗೆ ಮುಂಚಿನ ವಾರಗಳು

ಆಪರೇಷನ್ನಿಗೆ ಮುಂಚೆ ತೊಡೆಯ ಸ್ನಾಯು ಎಷ್ಟು ಬಲವಾಗಿರುತ್ತದೆಯೋ ನಂತರದ ನಡಿಗೆಯೂ ಅಷ್ಟು ಚೆನ್ನಾಗಿರುವ ಸಾಧ್ಯತೆ ಹೆಚ್ಚು. ಹೇಗೂ ಕೀಲು ಬದಲಾಯಿಸುತ್ತಾರಲ್ಲ ಎಂದು ತಿಂಗಳುಗಟ್ಟಲೆ ಕುಳಿತುಬಿಡುವುದು ಈ ಕಾರಣಕ್ಕೆ ಹಾನಿಕರ. ಮುಂದೆ ಹೇಳುವ ತೊಡೆ ಬಿಗಿಯುವ ಮತ್ತು ಕುರ್ಚಿಯಿಂದ ಏಳುವ ವ್ಯಾಯಾಮಗಳನ್ನು ನೋವು ಸಹಿಸುವಷ್ಟರ ಮಟ್ಟಿಗೆ ಈಗಿನಿಂದಲೇ ಆರಂಭಿಸಬೇಕು. ವಾಕರ್ ಹಿಡಿದು ನಡೆಯುವುದನ್ನು ನೋವಿಲ್ಲದ ದಿನಗಳಲ್ಲೇ ಕಲಿತರೆ ಒಳ್ಳೆಯದು. ಬೀಡಿ, ಸಿಗರೇಟು ಸೇದುವವರು ಕನಿಷ್ಠ ನಾಲ್ಕು ವಾರ ಮುಂಚೆ ನಿಲ್ಲಿಸಬೇಕು. ರಕ್ತಹೀನತೆ ಮತ್ತು ಮಧುಮೇಹವನ್ನು ವೈದ್ಯರ ಬಳಿ ಸರಿಪಡಿಸಿಕೊಳ್ಳಬೇಕು. ಮನೆಯಲ್ಲಿ ಕಮೋಡ್ ಇಲ್ಲದಿದ್ದರೆ ಕಮೋಡ್ ಕುರ್ಚಿಯೊಂದನ್ನು ತರಿಸಿಡಿ, ಕಾಲಿಗೆ ತೊಡರುವ ಕಾಲೊರಸು ಮತ್ತು ಜಮಖಾನೆಗಳನ್ನು ತೆಗೆಯಿರಿ, ಬಚ್ಚಲಿನ ನೆಲ ಜಾರದಂತೆ ನೋಡಿಕೊಳ್ಳಿ.

ಮೊದಲ ಎರಡು ವಾರ

ಆಪರೇಷನ್ ಆದ ಮೊದಲ ತಿಂಗಳಲ್ಲಿ ತೊಡೆಯ ಮುಂಭಾಗದ ಸ್ನಾಯುವಿನ ಶಕ್ತಿ ಅರ್ಧಕ್ಕಿಂತ ಹೆಚ್ಚು ಇಳಿದುಹೋಗುತ್ತದೆ. ಅಷ್ಟು ಬೇಗ ಅಷ್ಟೊಂದು ಸ್ನಾಯು ಸವೆಯಲಾರದು. ಮಂಡಿಯೊಳಗೆ ಊತವಿದ್ದಾಗ ಅಲ್ಲಿನ ನರಗಳು ಬೆನ್ನುಹುರಿಗೆ ಕಳಿಸುವ ಸಂದೇಶ ಬದಲಾಗಿ, ತೊಡೆಯ ಸ್ನಾಯುವಿಗೆ ಬರಬೇಕಾದ ಆಜ್ಞೆಯೇ ತಡೆಹಿಡಿಯಲ್ಪಡುತ್ತದೆ. ಶಕ್ತಿ ಇಳಿಯಲು ಅದು ದೊಡ್ಡ ಕಾರಣ. ಆರೋಗ್ಯವಂತರ ಮಂಡಿಯೊಳಗೆ ಬರೀ ಲವಣಜಲ ತುಂಬಿಸಿ ಮಾಡಿದ ಪ್ರಯೋಗಗಳಲ್ಲಿಯೂ, ನೋವಿಲ್ಲದಿದ್ದಾಗಲೂ ಸ್ನಾಯು ಸೊರಗಿದ್ದು ಕಂಡುಬಂದಿದೆ. ಕಾಲು ಎತ್ತು ಎಂದರೆ ರೋಗಿಗೆ ಎತ್ತಲಾಗದಿದ್ದರೆ ಅದನ್ನು ಸೋಮಾರಿತನವೆಂದೋ ಹೆದರಿಕೆಯೆಂದೋ ತಿಳಿಯುವುದು ಅನ್ಯಾಯ. ಮೊದಲ ಎರಡು ವಾರಗಳ ಮುಖ್ಯ ಗುರಿ ಊತ ಇಳಿಸುವುದು, ಮಂಡಿಯನ್ನು ಪೂರ್ತಿ ನೆಟ್ಟಗೆ ಮಾಡುವುದು, ತೊಡೆಯ ಸ್ನಾಯುವನ್ನು ಮತ್ತೆ ಎಚ್ಚರಿಸುವುದು. ದೂರ ನಡೆಯುವುದಕ್ಕೆ ಆಮೇಲೆ ಬೇಕಾದಷ್ಟು ಸಮಯವಿದೆ.

ಊತಕ್ಕಾಗಿ ದಿನದಲ್ಲಿ ಹಲವು ಸಲ ಮಲಗಿ, ಕಾಲನ್ನು ಎದೆಯ ಮಟ್ಟಕ್ಕಿಂತ ಮೇಲಿರುವಂತೆ ಏರಿಸಿಟ್ಟು, ಬಟ್ಟೆಯಲ್ಲಿ ಸುತ್ತಿದ ಐಸ್ ಪ್ಯಾಕನ್ನು 15ರಿಂದ 20 ನಿಮಿಷ ಇಡಬೇಕು. ದಿಂಬನ್ನು ಹಿಮ್ಮಡಿ ಮತ್ತು ಮೀನಖಂಡದ ಕೆಳಗೆ ಇಡಬೇಕೇ ಹೊರತು ಮಂಡಿಯ ಕೆಳಗೆ ಇಡಬಾರದು. ಮಂಡಿಯ ಕೆಳಗೆ ದಿಂಬಿಟ್ಟರೆ ಹಿತವೆನಿಸುತ್ತದೆ, ಆದ್ದರಿಂದಲೇ ಮನೆಯವರು ಪ್ರೀತಿಯಿಂದ ಅಲ್ಲಿಯೇ ಇಡುತ್ತಾರೆ. ಆದರೆ ಮಂಡಿ ತುಸು ಮಡಚಿದ ಸ್ಥಿತಿಯಲ್ಲೇ ಬಿಗಿದುಕೊಂಡು, ಮುಂದೆ ಕಾಲು ಪೂರ್ತಿ ನೆಟ್ಟಗಾಗದೆ ಕುಂಟು ಉಳಿಯಬಹುದು. ದಿನಕ್ಕೆ ಕೆಲವು ಸಲ ಹಿಮ್ಮಡಿಯ ಕೆಳಗೆ ಮಾತ್ರ ಸುತ್ತಿದ ಟವೆಲ್ ಇಟ್ಟು, ಮಂಡಿ ತನ್ನ ಭಾರದಿಂದಲೇ ಕೆಳಗಿಳಿಯಲು ಐದು ಹತ್ತು ನಿಮಿಷ ಬಿಡುವುದು ಈ ಹಂತದ ಅತ್ಯಂತ ಬೆಲೆಯುಳ್ಳ ವ್ಯಾಯಾಮ ಎಂದು ನಾನು ಎಣಿಸುತ್ತೇನೆ.

ಅದೇ ಸ್ಥಿತಿಯಲ್ಲಿ ಮಂಡಿಯ ಹಿಂಭಾಗವನ್ನು ಹಾಸಿಗೆಗೆ ಒತ್ತುತ್ತ ತೊಡೆಯನ್ನು ಬಿಗಿದು, ಐದು ಎಣಿಸುವವರೆಗೆ ಹಿಡಿದು ಸಡಿಲಿಸಿ. ಒಂದು ಸಲಕ್ಕೆ ಹತ್ತರಂತೆ ದಿನಕ್ಕೆ ಹಲವು ಬಾರಿ ಮಾಡಿ. ಮೊದಮೊದಲು ಸ್ನಾಯು ಅಲುಗಿದ್ದೇ ಕಾಣದಿರಬಹುದು. ಆಗ ಇನ್ನೊಂದು ಕಾಲಿನ ತೊಡೆಯನ್ನೂ ಜೊತೆಗೆ ಬಿಗಿಯುವುದರಿಂದ ಸಹಾಯವಾಗುತ್ತದೆ. ಫಿಸಿಯೋಥೆರಪಿಸ್ಟರು ಸಣ್ಣ ವಿದ್ಯುತ್ ಉದ್ದೀಪನ ಕೊಟ್ಟು ಸ್ನಾಯುವನ್ನು ಎಚ್ಚರಿಸುವುದೂ ಉಂಟು. ಪಾದವನ್ನು ಮೇಲೆ ಕೆಳಗೆ ಆಡಿಸುವುದನ್ನು ಎಚ್ಚರವಿರುವಾಗಲೆಲ್ಲ ಆಗಾಗ ಮಾಡಬೇಕು, ಏಕೆಂದರೆ ಮೀನಖಂಡದ ಸ್ನಾಯು ಹಿಂಡಿದಾಗ ಕಾಲಿನ ರಕ್ತನಾಳಗಳಲ್ಲಿ ರಕ್ತ ನಿಲ್ಲದೆ ಮೇಲಕ್ಕೆ ಹರಿಯುತ್ತದೆ. ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುತ್ತ ಮಂಡಿ ಮಡಚುವುದೂ ಇದರ ಜೊತೆಗೆ ನಡೆಯಲಿ. ಎರಡನೆಯ ವಾರದ ಹೊತ್ತಿಗೆ ಸುಮಾರು 90 ಡಿಗ್ರಿ, ಅಂದರೆ ಕುರ್ಚಿಯಲ್ಲಿ ಪಾದ ನೆಲಕ್ಕೂರಿ ನೆಟ್ಟಗೆ ಕುಳಿತುಕೊಳ್ಳುವಷ್ಟು ಮಡಚಿದರೆ ಚೆನ್ನಾಗಿ ಸಾಗುತ್ತಿದೆ ಎಂದೇ ಅರ್ಥ.

ನಡಿಗೆಯ ವಿಷಯದಲ್ಲಿ ಒಂದೇ ಸಲ ಬಹಳ ದೂರ ನಡೆಯುವುದಕ್ಕಿಂತ ಗಂಟೆಗೊಮ್ಮೆ ಎದ್ದು ಮನೆಯೊಳಗೆ ಒಂದು ಸುತ್ತು ಬರುವುದು ಲೇಸು. ಮೆಟ್ಟಿಲು ಹತ್ತುವಾಗ ಆಪರೇಷನ್ ಆಗದ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ವಾಕರ್ ಬಿಟ್ಟು ಕೋಲಿಗೆ ಬಂದಾಗ ಕೋಲು ಆಪರೇಷನ್ ಆಗದ ಕಾಲಿನ ಕಡೆಯ ಕೈಯಲ್ಲಿರಬೇಕು. ನೋವಿನ ಮಾತ್ರೆಯನ್ನು ವೈದ್ಯರು ಹೇಳಿದ ವೇಳೆಗೆ ಸರಿಯಾಗಿ ತೆಗೆದುಕೊಂಡು, ಸುಮಾರು ಅರ್ಧ ಗಂಟೆಯ ನಂತರ ವ್ಯಾಯಾಮಕ್ಕೆ ಕುಳಿತರೆ ಕೆಲಸ ಸುಲಭವಾಗುತ್ತದೆ. ನೋವು ತಡೆದುಕೊಳ್ಳುವುದನ್ನು ಶೌರ್ಯವೆಂದು ಭಾವಿಸಿ ಮಾತ್ರೆ ಬಿಟ್ಟವರು ವ್ಯಾಯಾಮವನ್ನೂ ಬಿಡುತ್ತಾರೆ, ನಿದ್ರೆಯನ್ನೂ ಕಳೆದುಕೊಳ್ಳುತ್ತಾರೆ.

ಮರುದಿನ ಬೆಳಗಿನ ಪರೀಕ್ಷೆ

ವ್ಯಾಯಾಮ ಮಾಡುವಾಗ ಆಗುವ ನೋವು ಪ್ರಮಾಣವನ್ನು ಅಳೆಯಲು ಅಷ್ಟು ಒಳ್ಳೆಯ ಮಾಪಕವಲ್ಲ. ಈ ಹಂತದಲ್ಲಿ ಮಂಡಿ ಮಡಚಿದರೆ ನೋವಾಗಿಯೇ ಆಗುತ್ತದೆ. ವ್ಯಾಯಾಮ ಎಬ್ಬಿಸುವ ಉರಿಯೂತ ಏರಲು ಗಂಟೆಗಳೇ ಬೇಕು, ಆದ್ದರಿಂದ ಉತ್ತರ ಸಿಗುವುದು ಮರುದಿನ ಬೆಳಗ್ಗೆ. ಎದ್ದ ಕೂಡಲೇ, ನಡೆದಾಡುವ ಮುಂಚೆ, ಮೂರು ಸಂಗತಿಗಳನ್ನು ನೋಡಿ. ಮೊದಲನೆಯದು ಊತ: ಟೈಲರ್ ಟೇಪನ್ನು ಮಂಡಿಚಿಪ್ಪಿನ ನಡುಭಾಗದ ಸುತ್ತ ಪ್ರತಿದಿನ ಒಂದೇ ಜಾಗದಲ್ಲಿ ಸುತ್ತಿ, ಅಳತೆಯನ್ನು ಬರೆದಿಡಿ. ಎರಡನೆಯದು, ಸುಮ್ಮನೆ ಮಲಗಿದ್ದಾಗ ಇರುವ ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ. ಮೂರನೆಯದು, ಮಂಡಿ ನಿನ್ನೆಯಷ್ಟೇ ಮಡಚುತ್ತದೆಯೇ, ನಿನ್ನೆಯಷ್ಟೇ ನೆಟ್ಟಗಾಗುತ್ತದೆಯೇ ಎಂಬುದು.

ಮೂರೂ ನಿನ್ನೆಯಂತೆಯೇ ಇದ್ದರೆ ಅಥವಾ ಉತ್ತಮವಾಗಿದ್ದರೆ ನಿನ್ನೆಯ ಪ್ರಮಾಣ ಸರಿಯಾಗಿತ್ತು. ಒಂದೆರಡು ದಿನ ಹಾಗೆಯೇ ಮುಂದುವರಿದರೆ ಸ್ವಲ್ಪ ಹೆಚ್ಚಿಸಬಹುದು. ಹೆಚ್ಚಿಸುವಾಗ ಒಂದನ್ನೇ ಹೆಚ್ಚಿಸಿ: ನಡಿಗೆಯ ದೂರವನ್ನೋ, ವ್ಯಾಯಾಮದ ಎಣಿಕೆಯನ್ನೋ, ಮೆಟ್ಟಿಲುಗಳನ್ನೋ. ಎರಡನ್ನು ಒಟ್ಟಿಗೆ ಹೆಚ್ಚಿಸಿ ಊತ ಬಂದರೆ ಯಾವುದರಿಂದ ಬಂತೆಂದು ತಿಳಿಯುವುದಿಲ್ಲ. ಊತವೂ ನೋವೂ ಹೆಚ್ಚಿ ಮಂಡಿ ಬಿಗಿದಿದ್ದರೆ, ಆ ದಿನ ನಡಿಗೆ ಮತ್ತು ಮೆಟ್ಟಿಲುಗಳನ್ನು ಸುಮಾರು ಅರ್ಧಕ್ಕೆ ಇಳಿಸಿ, ಐಸ್ ಮತ್ತು ಕಾಲು ಏರಿಸಿಡುವುದನ್ನು ಹೆಚ್ಚಿಸಿ. ತೊಡೆ ಬಿಗಿಯುವುದು, ಪಾದ ಆಡಿಸುವುದು, ಮಂಡಿ ನೆಟ್ಟಗೆ ಮಾಡುವುದು ಅಂದೂ ನಿಲ್ಲಬಾರದು. ಊದಿದ ಮಂಡಿಯನ್ನೇ ಲೆಕ್ಕಿಸದೆ ಇನ್ನಷ್ಟು ದುಡಿಸಿದರೆ, ಮೇಲೆ ಹೇಳಿದ ನರಗಳ ತಡೆಯಿಂದ ತೊಡೆಯ ಸ್ನಾಯು ಮತ್ತೂ ಸೊರಗುತ್ತದೆ. ಶ್ರಮಪಟ್ಟಷ್ಟೂ ಹಿಂದೆ ಬೀಳುವ ಪರಿಸ್ಥಿತಿ ಅದು. ಬಲವಂತವಾಗಿ ಯಾರೋ ಕಾಲನ್ನು ಹಿಡಿದು ಮಡಚುವುದನ್ನು ನಾನು ಒಪ್ಪುವುದಿಲ್ಲ. ರೋಗಿಯ ಸ್ನಾಯು ಹೆದರಿ ಬಿಗಿದುಕೊಂಡು ಎದುರು ಒತ್ತುತ್ತಿರುವಾಗ ಸಿಗುವ ಹತ್ತು ಡಿಗ್ರಿ ಮರುದಿನದ ಊತದಲ್ಲಿ ಕಳೆದುಹೋಗುತ್ತದೆ.

ಕೆಲವು ಬದಲಾವಣೆಗಳು ವ್ಯಾಯಾಮ ಹೆಚ್ಚಾದುದರ ಲಕ್ಷಣವಲ್ಲ. ಹೊಸ ಮಂಡಿಯ ಮೇಲಿನ ಚರ್ಮ ಮುಟ್ಟಿದರೆ ತಿಂಗಳುಗಟ್ಟಲೆ ಬೆಚ್ಚಗಿರಬಹುದು. ಕೊಯ್ದ ಗೆರೆಯ ಹೊರಪಕ್ಕದಲ್ಲಿ ಚರ್ಮ ಮರಗಟ್ಟಿದಂತೆ ಇರುತ್ತದೆ, ಏಕೆಂದರೆ ಅಲ್ಲಿಗೆ ಹೋಗುವ ಸಣ್ಣ ನರದ ಕವಲು ಕೊಯ್ಯುವಾಗ ತುಂಡಾಗುತ್ತದೆ. ನಡೆಯುವಾಗ ಕೀಲಿನಲ್ಲಿ ಟಿಕ್ ಎಂಬ ಸದ್ದು ಕೇಳಬಹುದು. ಮೊದಲ ಎರಡು ದಿನದ ಸಣ್ಣ ಜ್ವರವೂ ಸಾಮಾನ್ಯವಾಗಿ ಗಾಯಕ್ಕೆ ದೇಹ ತೋರುವ ಪ್ರತಿಕ್ರಿಯೆಯೇ. ರಾತ್ರಿ ನಿದ್ರೆ ಕೆಡುವುದು ಬಹಳ ಜನರಲ್ಲಿ ವಾರಗಟ್ಟಲೆ ಇರುತ್ತದೆ. ಹಗಲಿನ ದೀರ್ಘ ನಿದ್ರೆ ಕಡಿಮೆ ಮಾಡಿ, ಮಲಗುವ ಮುನ್ನ ಐಸ್ ಇಟ್ಟುಕೊಂಡರೆ ತುಸು ಅನುಕೂಲವಾಗುತ್ತದೆ.

ಹೊಲಿಗೆ ಬಿಚ್ಚಿದ ಮಾತ್ರಕ್ಕೆ ಗಾಯ ಮಾಗಿತೆಂದು ತಿಳಿಯಬಾರದು. ಮೂರನೆಯ ವಾರದಲ್ಲಿ ಕೊಯ್ದ ಚರ್ಮದ ಬಲ ಮಾಮೂಲು ಚರ್ಮದ ಐದನೆಯ ಒಂದು ಭಾಗದಷ್ಟೇ. ಮೂರು ತಿಂಗಳ ಹೊತ್ತಿಗೆ ಅದು ಸುಮಾರು ಶೇಕಡಾ 80ಕ್ಕೆ ಬರುತ್ತದೆ, ಮೊದಲಿನಷ್ಟು ಬಲ ಎಂದೂ ಮರಳುವುದಿಲ್ಲ. ಗಾಯ ಪೂರ್ತಿ ಮುಚ್ಚುವ ಮೊದಲು ಅದರ ಮೇಲೆ ಅರಿಸಿನ, ಎಣ್ಣೆ ಯಾವುದನ್ನೂ ಹಚ್ಚಬೇಡಿ. ಮೊದಲ ವಾರಗಳಲ್ಲಿ ಮಂಡಿಗೆ ಶಾಖ ಕೊಡುವುದು ಊತವನ್ನು ಹೆಚ್ಚಿಸುತ್ತದೆ. ಮೀನಖಂಡವನ್ನು ಬಲವಾಗಿ ನೀವುವುದಂತೂ ಅಪಾಯ, ಏಕೆಂದರೆ ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ಅದು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು.

ಊಟ

ನಮ್ಮ ಅನೇಕ ಮನೆಗಳಲ್ಲಿ ಆಪರೇಷನ್ ಆದವರಿಗೆ ನಂಜಾಗುತ್ತದೆಂದು ಬೇಳೆ, ಬದನೆಕಾಯಿ, ಮೊಟ್ಟೆ, ಮೀನುಗಳನ್ನು ನಿಲ್ಲಿಸಿ, ಗಂಜಿ ಮತ್ತು ತಿಳಿಸಾರನ್ನದಲ್ಲೇ ವಾರಗಟ್ಟಲೆ ಇರಿಸುತ್ತಾರೆ. ಕಾಳಜಿಯಿಂದ ಮಾಡುವ ಈ ಪಥ್ಯ ರೋಗಿಗೆ ನಿಜವಾದ ಹಾನಿ ಮಾಡುತ್ತದೆ. ಕೀವು ಆಗುವುದು ಬ್ಯಾಕ್ಟೀರಿಯಾದಿಂದ, ಬೇಳೆಯಿಂದಲ್ಲ. ಗಾಯದ ದುರಸ್ತಿಗೆ ಸ್ನಾಯು ಕರಗುತ್ತಿರುವ ದಿನಗಳಲ್ಲಿಯೇ ಪ್ರೋಟೀನು ನಿಲ್ಲಿಸಿದರೆ ದೇಹ ಸ್ನಾಯುವನ್ನು ಇನ್ನಷ್ಟು ಕರಗಿಸುತ್ತದೆ, ವ್ಯಾಯಾಮ ಎಷ್ಟು ಮಾಡಿದರೂ ಕಟ್ಟಲು ಸಾಮಗ್ರಿಯೇ ಇರುವುದಿಲ್ಲ.

ದೊಡ್ಡ ಶಸ್ತ್ರಚಿಕಿತ್ಸೆಯ ನಂತರ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 1.2ರಿಂದ 1.5 ಗ್ರಾಂ ಪ್ರೋಟೀನು ಬೇಕೆಂಬುದು ಸಾಮಾನ್ಯ ಸಲಹೆ. 60 ಕಿಲೋ ತೂಕದವರಿಗೆ ಅದು 72ರಿಂದ 90 ಗ್ರಾಂ. ಸಸ್ಯಾಹಾರಿಗಳಿಗೂ ಇದು ಸಾಧ್ಯ. ಹಾಲು, ಮೊಸರು ಸೇರಿ ಮೂರು ಲೋಟದಿಂದ ಸುಮಾರು 20 ಗ್ರಾಂ, ಹುರುಳಿ, ಹೆಸರುಕಾಳು, ತೊಗರಿಬೇಳೆ ಸೇರಿ ದಿನಕ್ಕೆ 100 ಗ್ರಾಂ ಕಾಳಿನಿಂದ ಸುಮಾರು 22, ಒಂದು ಹಿಡಿ ಕಡಲೆಕಾಯಿ ಬೀಜದಿಂದ 10, ರಾಗಿ, ಗೋಧಿ, ಅಕ್ಕಿಯಿಂದ 20ರ ಸುಮಾರು ಸಿಗುತ್ತದೆ. ಮೊಟ್ಟೆ ತಿನ್ನುವವರಿಗೆ ಒಂದೊಂದರಿಂದ 6 ಗ್ರಾಂ ಸೇರುತ್ತದೆ. ರಾತ್ರಿ ಒಂದೇ ಊಟಕ್ಕೆ ಎಲ್ಲವನ್ನೂ ಇಡದೆ ಮೂರು ಹೊತ್ತಿಗೂ ಹಂಚಿ. ಬೆಳಗಿನ ಬರೀ ಇಡ್ಲಿ-ಚಟ್ನಿಯ ಜೊತೆ ಕಾಳಿನ ಉಸಲಿಯೋ ಮೊಟ್ಟೆಯೋ ಇರಲಿ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಪ್ರಮಾಣವನ್ನು ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು. ನೋವಿನ ಮಾತ್ರೆ ಮತ್ತು ಕಬ್ಬಿಣದ ಮಾತ್ರೆಗಳಿಂದ ಮಲಬದ್ಧತೆ ಆಗುವುದರಿಂದ ನೀರು, ಸೊಪ್ಪು, ಹಣ್ಣು ಸಾಕಷ್ಟಿರಬೇಕು.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳು

ಮೀನಖಂಡದಲ್ಲಿ ಹೊಸದಾಗಿ ನೋವು ಮತ್ತು ಬಿಗಿತ ಬಂದು ಕಾಲು ಏರಿಸಿಟ್ಟರೂ ಊತ ಇಳಿಯದಿರುವುದು, ಗಾಯದಿಂದ ನೀರು ಅಥವಾ ಕೀವು ಒಸರುವುದು, ಸುತ್ತ ಕೆಂಪು ಹರಡುವುದು, ಮೊದಲ ಕೆಲವು ದಿನಗಳು ಕಳೆದ ಮೇಲೆ ಚಳಿಜ್ವರ ಬರುವುದು, ಕಡಿಮೆಯಾಗುತ್ತಿದ್ದ ನೋವು ವ್ಯಾಯಾಮ ತಗ್ಗಿಸಿದರೂ ದಿನದಿಂದ ದಿನಕ್ಕೆ ಏರುವುದು: ಇವುಗಳಲ್ಲಿ ಯಾವುದಿದ್ದರೂ ಅದೇ ದಿನ ವೈದ್ಯರನ್ನು ಕಾಣಬೇಕು. ಹಠಾತ್ತನೆ ಏದುಸಿರು, ಎದೆನೋವು ಬಂದರೆ ಅಥವಾ ಕೆಮ್ಮಿದಾಗ ರಕ್ತ ಕಂಡರೆ 108ಕ್ಕೆ ಕರೆ ಮಾಡಿ. ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಔಷಧವನ್ನು ನಡೆದಾಡುತ್ತಿದ್ದೇವೆ ಎಂಬ ಕಾರಣಕ್ಕೆ ನಡುವೆ ನಿಲ್ಲಿಸಬಾರದು.

ಆರನೆಯ ವಾರದ ನಂತರ

ಊತ ಬಹುಮಟ್ಟಿಗೆ ಇಳಿದು, ಕೋಲಿಲ್ಲದೆ ಕುಂಟದೆ ನಡೆಯಲು ಬಂದ ಮೇಲೆ ವ್ಯಾಯಾಮದ ಸ್ವರೂಪ ಬದಲಾಗಬೇಕು. ನಡಿಗೆಯೊಂದೇ ತೊಡೆಯ ಬಲವನ್ನು ಮರಳಿ ತರುವುದಿಲ್ಲ. ಕುರ್ಚಿಯಿಂದ ಕೈಯೂರದೆ ಏಳುವುದು, ತಗ್ಗಾದ ಮೆಟ್ಟಿಲೊಂದನ್ನು ಹತ್ತಿ ನಿಧಾನವಾಗಿ ಇಳಿಯುವುದು, ಸ್ಥಿರ ಸೈಕಲ್ ತುಳಿಯುವುದು, ಕಾಲಿಗೆ ಸಣ್ಣ ತೂಕ ಕಟ್ಟಿ ಮಂಡಿ ಚಾಚುವುದು ಈಗ ಬೇಕು. ಇವುಗಳನ್ನು ವಾರಕ್ಕೆ ಎರಡು ಮೂರು ದಿನ, ನಡುವೆ ಒಂದು ದಿನ ಬಿಟ್ಟು ಮಾಡಿದರೆ ಸ್ನಾಯು ಕಟ್ಟಿಕೊಳ್ಳಲು ಸಮಯ ಸಿಗುತ್ತದೆ. ಬೆಳಗಿನ ಪರೀಕ್ಷೆ ಈಗಲೂ ಅನ್ವಯಿಸುತ್ತದೆ. ತೊಡೆಯಲ್ಲಿ ಎರಡು ದಿನ ಇರುವ ಮೈಕೈ ನೋವು ಒಳ್ಳೆಯ ಲಕ್ಷಣ, ಮಂಡಿಯ ಊತ ಅಲ್ಲ. ಚಕ್ಕಳಮಕ್ಕಳ ಹಾಕಿ ನೆಲದಲ್ಲಿ ಕುಳಿತುಕೊಳ್ಳುವುದು, ಕುಕ್ಕರುಗಾಲಲ್ಲಿ ಕೂರುವುದು, ಮಂಡಿಯೂರಿ ನಮಸ್ಕರಿಸುವುದು ಸಾಧ್ಯವೇ ಎಂಬುದು ಹಾಕಿರುವ ಕೀಲಿನ ಬಗೆಯನ್ನೂ ಮೊದಲು ಮಂಡಿ ಎಷ್ಟು ಮಡಚುತ್ತಿತ್ತು ಎಂಬುದನ್ನೂ ಅವಲಂಬಿಸಿರುವುದರಿಂದ, ಶಸ್ತ್ರಚಿಕಿತ್ಸಕರನ್ನು ಕೇಳದೆ ಪ್ರಯತ್ನಿಸಬೇಡಿ.

ಹೆಚ್ಚಿನ ಸುಧಾರಣೆ ಮೊದಲ ಮೂರು ತಿಂಗಳಲ್ಲಿ ಕಂಡರೂ, ಒಂದು ವರ್ಷದವರೆಗೂ ಅದು ನಿಧಾನವಾಗಿ ಮುಂದುವರಿಯುತ್ತದೆ. ಅದನ್ನು ಅಳೆಯಲು ಮನೆಯಲ್ಲೇ ಮಾಡಬಹುದಾದ ಸರಳ ಪರೀಕ್ಷೆಯಿದೆ: ಗೋಡೆಗೆ ಆನಿಸಿದ ಗಟ್ಟಿ ಕುರ್ಚಿಯಲ್ಲಿ ಕುಳಿತು, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರಬಹುದೆಂದು ಎಣಿಸಿ, ಪಕ್ಕದಲ್ಲಿ ಯಾರಾದರೂ ನಿಂತಿರಲಿ. ಆಪರೇಷನ್ನಿಗೆ ಮುಂಚೆ ಒಮ್ಮೆ, ಆರನೆಯ ವಾರದಲ್ಲಿ ಒಮ್ಮೆ, ಆಮೇಲೆ ತಿಂಗಳಿಗೊಮ್ಮೆ ಎಣಿಸಿ ಬರೆದಿಡಿ. ಆ ಸಂಖ್ಯೆ ಎರಡು ತಿಂಗಳು ಏರದೆ ನಿಂತರೆ ಬರೆದಿಟ್ಟದ್ದನ್ನು ಫಿಸಿಯೋಥೆರಪಿಸ್ಟರಿಗೆ ತೋರಿಸಿ, ವ್ಯಾಯಾಮದ ತೂಕವನ್ನೋ ಎಣಿಕೆಯನ್ನೋ ಬದಲಾಯಿಸಿಕೊಳ್ಳಿ. ಎದ್ದು ನಿಲ್ಲುವಾಗ ದೇಹದ ಭಾರ ಇನ್ನೊಂದು ಕಾಲಿನ ಮೇಲೇ ಬೀಳುತ್ತಿದೆಯೇ ಎಂಬುದನ್ನೂ ಅವರಿಂದ ನೋಡಿಸಿಕೊಳ್ಳಿ.